ಬೆರಳು ಅವನದು, ಡಾಕ್ಟರು ಯಾರವರು?

ಓಝರ್ ಅಂದರೆ ಎಲ್ಲರಿಗೂ ಎಚ್‌ಎಎಲ್, ಮಿಗ್ ವಿಮಾನ. ಇಲ್ಲಿಂದ ನಾಸಿಕ್ ಕಡೆ ಹೊರಟರೆ ಸಿಗುವ ಸಣ್ಣ ಶೆಡ್ಡುಗಳ ಮಾತು ಯಾರೂ ಎತ್ತುವುದಿಲ್ಲ. ಅಂಥದೊಂದರಲ್ಲಿ ಪವರ್ ಪ್ರೆಸ್ ನಡೆಸುತ್ತಿದ್ದ ಕಲಬುರಗಿ ಕಡೆಯವನೊಬ್ಬ ತೋರುಬೆರಳಿನ ತುದಿ ಕಳೆದುಕೊಂಡ. ಮಾಲೀಕ ತನ್ನ ಪರಿಚಯದ ನರ್ಸಿಂಗ್ ಹೋಮಿಗೆ ಕರೆದೊಯ್ದ. ಹೊಲಿಗೆ, ಬ್ಯಾಂಡೇಜು, ಮರಾಠಿ ಕಾಗದವೊಂದಕ್ಕೆ ಸಹಿ. "ಬ್ಯಾರೆ ದವಾಖಾನಿಗೆ ಹೋದ್ರ ರೊಕ್ಕ ಯಾರ್ ಕೊಡ್ತಾರ್ರೀ ಸರ?" ಅಂತ ನನ್ನನ್ನೇ ಕೇಳಿದ.

ಆಫೀಸಿನಲ್ಲಿ ಹೇಳಿದರೆ, "ಫ್ರೀಯಾಗಿ ಟ್ರೀಟ್‌ಮೆಂಟ್ ಕೊಡಿಸಿದ್ದಾರಲ್ಲ, ಇನ್ನೇನು ಬೇಕಂತೆ?" ಅಂದರು. ಅಂದವರ ಜೇಬಿನಲ್ಲಿ ಕ್ಯಾಶ್‌ಲೆಸ್ ಕಾರ್ಡು. ಹಲ್ಲುನೋವಿಗೂ ಇಬ್ಬರು ಡಾಕ್ಟರನ್ನು ಕೇಳುವ ಜನ ನಾವು.

ಏನು ಬೇಕು ಅಂದರೆ, ಲೆಕ್ಕ ಕೇಳಿ. 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ, ಮೂಳೆ ಹೋಗದೆ ತೋರುಬೆರಳಿನ ತುದಿ ಮಾತ್ರ ಹೋದರೆ ನಷ್ಟ ಶೇ. 5, ಒಂದು ಗೆಣ್ಣು ಹೋದರೆ ಶೇ. 9 ಅಂತಿತ್ತು. ಸಂಬಳ 15,000, ವಯಸ್ಸು 40 ಅಂತಿಟ್ಟುಕೊಂಡರೆ ಎರಡರ ನಡುವಿನ ಅಂತರ ಸುಮಾರು 66 ಸಾವಿರ ರೂಪಾಯಿ. ಡಾಕ್ಟರು ಬರೆಯುವ ಒಂದು ಸಾಲಿನ ಮೇಲೆ ಅಷ್ಟೂ ನಿಂತಿದೆ. ಆ ಡಾಕ್ಟರ ಬಿಲ್ಲು ಕಟ್ಟುವವನೇ ಪರಿಹಾರ ಕೊಡಬೇಕಾದವನು! ಕೋಡ್ ಬರೆದವನ ಕೈಲೇ ಟೆಸ್ಟ್ ರಿಪೋರ್ಟ್ ಬರೆಸಿದರೆ ನನ್ನ ಕ್ಲೈಂಟ್ ಮೀಟಿಂಗಿನಿಂದ ಎದ್ದುಹೋಗುತ್ತಾನೆ.

ಆ ಕಾಯ್ದೆ ಹೀಗೆ ಹೇಳಿಯೂ ಇರಲಿಲ್ಲ. 11ನೇ ಕಲಮಿನ ಪ್ರಕಾರ, ಅಪಘಾತದ ನೋಟಿಸ್ ಸಿಕ್ಕ 3 ದಿನದೊಳಗೆ ಮಾಲೀಕ ತನ್ನ ಖರ್ಚಿನಲ್ಲಿ ವೈದ್ಯಕೀಯ ತಪಾಸಣೆಗೆ ಕರೆಯಬಹುದಿತ್ತು. ಹೋಗದಿದ್ದರೆ ಪರಿಹಾರದ ಹಕ್ಕು ಅಮಾನತಾಗುತ್ತಿತ್ತು. ಆದ್ದರಿಂದ ಹೋಗಲೇಬೇಕಿತ್ತು. ಆದರೆ ತಪಾಸಣೆ ಬೇರೆ, ಚಿಕಿತ್ಸೆ ಬೇರೆ. ಅವನ ಡಾಕ್ಟರ ಹತ್ತಿರವೇ ಚಿಕಿತ್ಸೆ ಪಡೆಯಬೇಕೆಂದು ಅಲ್ಲಿರಲಿಲ್ಲ. 2009ರ ತಿದ್ದುಪಡಿಯಂತೂ ಚಿಕಿತ್ಸೆಗೆ ಆದ ನಿಜವಾದ ಖರ್ಚನ್ನು ಮಾಲೀಕ ತುಂಬಿಕೊಡಬೇಕು ಅಂತ ಬರೆದಿತ್ತು. ಅವನ ಪ್ರಶ್ನೆಗೆ ಉತ್ತರ ಹದಿನೈದು ವರ್ಷದಿಂದ ಕಾಯ್ದೆಯಲ್ಲೇ ಇತ್ತು, ಅವನಿಗೆ ಬರುವ ಭಾಷೆಯಲ್ಲಿ ಯಾರೂ ಹೇಳಿರಲಿಲ್ಲ. ನಾವೂ ಹೇಳಿರಲಿಲ್ಲ, ರಾಜ್ಯೋತ್ಸವದ ಊಟಕ್ಕೆ ಮಾತ್ರ ಕರೆದಿದ್ದೆವು.

ಇಎಸ್‌ಐ ಇದ್ದರೆ ದಾರಿ ಬೇರೆ: ಸಾತ್ಪುರದಲ್ಲಿ ಆಸ್ಪತ್ರೆ, ಊನದ ಪ್ರಮಾಣಕ್ಕೆ ವೈದ್ಯಕೀಯ ಮಂಡಳಿ, ಒಪ್ಪಿಗೆಯಾಗದಿದ್ದರೆ ಮೇಲ್ಮನವಿ. ಇವನ ಶೆಡ್ಡಿನಲ್ಲಿ ಇದ್ದದ್ದೇ ಏಳು ಜನ, ಇಎಸ್‌ಐ ಎಲ್ಲಿಂದ ಬರಬೇಕು?

ನಾವಿಬ್ಬರು ಹೋಗಿ ಇನ್ನೊಂದು ಕಡೆ ಎಕ್ಸ್‌ರೇ ತೆಗೆಸಿದೆವು. ಮೊದಲ ಕಾಗದದಲ್ಲಿ ಮೂಳೆಗೆ ಏನೂ ಆಗಿಲ್ಲ ಅಂತಿತ್ತು. ಎಕ್ಸ್‌ರೇಯಲ್ಲಿ ತುದಿಯ ಮೂಳೆಯೇ ಇರಲಿಲ್ಲ. ಎರಡೂ ಕಾಗದ ಈಗ ಪರಿಹಾರ ಆಯುಕ್ತರ ಮುಂದಿವೆ.