ಕೀಲಿಮಣೆಯವನೂ ಕೂಲಿಯವನೇ

ಬೆಂಗಳೂರಿನ ಸಾಫ್ಟ್‌ವೇರ್ ಕೆಲಸಗಾರರ ಮಾತೆತ್ತಿದರೆ ನಮ್ಮ ಗಿರಣಿ ಬಂಧುಗಳಲ್ಲಿ ಅನೇಕರು ಮುಖ ತಿರುಗಿಸುತ್ತಾರೆ. “ಅವರಿಗೇನು ಸ್ವಾಮಿ! ತಣ್ಣನೆಯ ಕೋಣೆ, ತಿರುಗುವ ಕುರ್ಚಿ, ಕೈತುಂಬ ಸಂಬಳ. ಅವರ ಗೋಳು ಕಟ್ಟಿಕೊಂಡು ನಮಗೇನಾಗಬೇಕು?” ಎನ್ನುತ್ತಾರೆ. ಅಂಗಡಿ ಮುಂಗಟ್ಟಿನ ಮಿತ್ರರ ಮಾತೂ ಇದೇ. ಈ ಮಾತು ಕೇಳಿ ಸಂತೋಷಪಡುವವನು ಒಬ್ಬನೇ ಒಬ್ಬ. ಅವನೇ ಮಾಲೀಕ. ಕೆಲಸಗಾರರು ಒಬ್ಬರನ್ನೊಬ್ಬರು ಹೊರಗಿನವರೆಂದು ತಿಳಿದಷ್ಟೂ ಅವನ ಗಂಟು ಭದ್ರ.

ಆ ಹುಡುಗನ ದಿನಚರಿಯನ್ನೊಮ್ಮೆ ನೋಡೋಣ. ಬೆಳಿಗ್ಗೆ ಸಿಲ್ಕ್ ಬೋರ್ಡಿನ ವಾಹನದ ಸಂತೆಯಲ್ಲಿ ಗಂಟೆಗಟ್ಟಲೆ ಬಸ್ಸಿನಲ್ಲಿ ಬೇಯುತ್ತಾನೆ. ಕಚೇರಿಗೆ ಕಾಲಿಟ್ಟೊಡನೆ ನಿನ್ನೆ ಏನು ಮಾಡಿದೆ, ಇಂದು ಏನು ಮಾಡುವೆ ಎಂದು ನಿಂತು ಒಪ್ಪಿಸಬೇಕು. ಪ್ರತಿಯೊಂದು ಗಂಟೆಗೂ ಲೆಕ್ಕ ಬರೆಯಬೇಕು. ಬೆತ್ತ ಹಿಡಿದ ಮೇಸ್ತ್ರಿ ಅಲ್ಲಿಲ್ಲ. ಕಣ್ಣೆದುರಿನ ಪರದೆಯೇ ಮೇಸ್ತ್ರಿ. ನಮ್ಮಲ್ಲಿ ಸಂಜೆಯಾಗುವಾಗ ನ್ಯೂಯಾರ್ಕಿನಲ್ಲಿ ಬೆಳಗಾಗುತ್ತದೆ. ಅಲ್ಲಿಯ ದೊರೆ ಎದ್ದು ಕಾಫಿ ಕುಡಿದು ಕರೆದಾಗ ಇಲ್ಲಿ ಮಗುವಿಗೆ ತುತ್ತು ಕೊಡುತ್ತಿದ್ದವನು ಕೈ ತೊಳೆದು ಓಡಬೇಕು. ಗಿರಣಿಯ ಸೈರನ್ನು ಕೂಗಿದರೆ ನಮ್ಮ ಪಾಳಿ ಮುಗಿಯಿತು. ಇವನ ಪಾಳಿಗೆ ಸೈರನ್ನೇ ಇಲ್ಲ!

ಸಂಬಳದ ಮಾತೂ ಆಗಲಿ. ದೊಡ್ಡ ಕಂಪೆನಿಗಳು ಹೊಸಬರಿಗೆ ಹತ್ತು ವರ್ಷದ ಹಿಂದೆ ವರ್ಷಕ್ಕೆ ಮೂರು, ಮೂರೂವರೆ ಲಕ್ಷ ಕೊಡುತ್ತಿದ್ದವು. ಈಗಲೂ ಅನೇಕರಿಗೆ ಹೆಚ್ಚು ಕಡಿಮೆ ಅಷ್ಟೇ. ಮನೆ ಬಾಡಿಗೆ ಹತ್ತು ವರ್ಷದ ಹಿಂದಿನಷ್ಟೇ ಇದೆಯೇ? ಕೆಲಸ ಕೊಡಲಾಗದಾಗ ಅವನನ್ನು ‘ಬೆಂಚಿ’ನ ಮೇಲೆ ಕೂರಿಸುತ್ತಾರೆ. ಗಿರಣಿಯ ಬಾಗಿಲಲ್ಲಿ ಕಾದ ಬದಲಿ ಕಾರ್ಮಿಕನಿಗೆ ಈ ಬೆಂಚಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. 2025ರ ಜುಲೈನಲ್ಲಿ ಟಿ.ಸಿ.ಎಸ್. ಕಂಪೆನಿ ಸುಮಾರು 12,000 ಮಂದಿಯನ್ನು ತೆಗೆಯುವುದಾಗಿ ಸಾರಿತು. ತಣ್ಣನೆಯ ಕೋಣೆ ಅವರನ್ನು ಕಾಯಿತೇ?

ಇಂಥವರಿಗೆ ಉಪದೇಶಕರ ಕಾಟ ಬೇರೆ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಗಳು, ದೇಶ ಮುಂದೆ ಬರಬೇಕಾದರೆ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಕಂಪೆನಿಯ ಅಧ್ಯಕ್ಷ ಸುಬ್ರಹ್ಮಣ್ಯನ್ ಇನ್ನೂ ಮುಂದೆ ಹೋಗಿ 90 ಗಂಟೆ ಎಂದರು. ಭಾನುವಾರ ದುಡಿಸಲಾಗದ್ದಕ್ಕೆ ವ್ಯಥೆಪಟ್ಟರು. ಮನೆಯಲ್ಲಿ ಕೂತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂದೂ ಕೇಳಿದರು.

ಆ ಭಾನುವಾರ ಯಾರಪ್ಪನ ಮನೆಯ ದಾನವೂ ಅಲ್ಲ. ನಾರಾಯಣ ಮೇಘಾಜಿ ಲೋಖಂಡೆ ಮುಂಬಯಿಯ ಗಿರಣಿ ಕೂಲಿಗಳನ್ನು ಕೂಡಿಸಿ ವರ್ಷಗಟ್ಟಲೆ ಹೋರಾಡಿದ ಮೇಲೆ, 1890ರ ಜೂನ್ 10ರಂದು ಮಾಲೀಕರು ವಾರದ ರಜೆಗೆ ಒಪ್ಪಿದರು. ಕಾಯಿದೆಯ ಲೆಕ್ಕವನ್ನೂ ನೋಡಿ. 1922ರಲ್ಲಿ ಬ್ರಿಟಿಷ್ ಸರ್ಕಾರವೇ ಕಾರ್ಖಾನೆಗಳಲ್ಲಿ ವಾರಕ್ಕೆ 60 ಗಂಟೆಯ ಮಿತಿ ಹಾಕಿತು. 1934ರ ಕಾಯಿದೆ ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ ಅದನ್ನು 54ಕ್ಕೆ ಇಳಿಸಿತು. 1948ರ ಕಾರ್ಖಾನೆಗಳ ಕಾಯಿದೆಯಲ್ಲಿ ಅದು 48. ಹಾಗಾದರೆ 70 ಗಂಟೆ ಕೇಳುವವರು ನಮ್ಮನ್ನು ಕರೆದೊಯ್ಯುವುದು ಎಲ್ಲಿಗೆ? ಮುಂದಕ್ಕಲ್ಲ, 1922ಕ್ಕಿಂತಲೂ ಹಿಂದಕ್ಕೆ! ಪರದೇಶಿ ದೊರೆಗಳು ನಾಚಿ ಕೈಬಿಟ್ಟದ್ದನ್ನು ಸ್ವದೇಶಿ ದೊರೆಗಳು ದೇಶಭಕ್ತಿಯ ಹೆಸರಿನಲ್ಲಿ ಕೇಳುತ್ತಿದ್ದಾರೆ.

ಉಪದೇಶ ಬರಿಯ ಬಾಯಿಮಾತಾಗಿ ಉಳಿದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. 2024ರ ಜುಲೈನಲ್ಲಿ ಈ ಉದ್ದಿಮೆಯಲ್ಲಿ ದಿನಕ್ಕೆ 14 ಗಂಟೆಯವರೆಗೂ ದುಡಿಸಲು ದಾರಿ ಮಾಡುವ ಪ್ರಸ್ತಾಪ ನಮ್ಮ ರಾಜ್ಯ ಸರ್ಕಾರದ ಮುಂದೆ ಬಂದಿತು. ಹದಿನಾಲ್ಕನ್ನು ಐದು ದಿನದಿಂದ ಗುಣಿಸಿದರೆ ಎಷ್ಟು? ಮೂರನೆಯ ತರಗತಿಯ ಮಗು ಹೇಳುತ್ತದೆ, ಎಪ್ಪತ್ತು. ಸಾಫ್ಟ್‌ವೇರ್ ನೌಕರರ ಸಂಘ ಬೀದಿಗಿಳಿಯಿತು. ಪ್ರಸ್ತಾಪ ಹಿಂದೆ ಸರಿಯಿತು. ಆದರೆ 2025ರ ಜೂನಿನಲ್ಲಿ ಅದು ಬೇರೆ ವೇಷದಲ್ಲಿ ಬಂತು. ದಿನಕ್ಕೆ 9 ಇದ್ದದ್ದು 10. ಹೆಚ್ಚುವರಿ ದುಡಿಮೆ ಸೇರಿ 10 ಇದ್ದದ್ದು 12. ಮೂರು ತಿಂಗಳ ಹೆಚ್ಚುವರಿ ದುಡಿಮೆ 50 ಗಂಟೆ ಇದ್ದದ್ದು 144.

ಅಂಗಡಿಯ ಮಿತ್ರರು ಇಲ್ಲಿ ಕಿವಿಗೊಡಬೇಕು. ತಿದ್ದ ಹೊರಟದ್ದು ಯಾವ ಕಾಯಿದೆಯನ್ನು? 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯನ್ನು. ಬೆಂಗಳೂರಿನ ಗಾಜಿನ ಮಹಲಿಗೂ ನಮ್ಮೂರ ಜವಳಿ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಹುಡುಗನಿಗೂ ಅದೇ ಕಾಯಿದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಗಿರಣಿಯವರೂ ಲೆಕ್ಕ ಹಾಕಲಿ. ಎಂಟು ಗಂಟೆಯ ಮೂರು ಪಾಳಿ ಹನ್ನೆರಡರ ಎರಡು ಪಾಳಿಯಾದರೆ, ಮೂವರ ಅನ್ನ ಇಬ್ಬರಿಗೆ, ಮೂರನೆಯವನು ಬೀದಿಗೆ.

“ನಾನೂ ಹದಿನಾಲ್ಕು ಗಂಟೆ ಗಲ್ಲಾದಲ್ಲಿ ಕೂರುತ್ತೇನಲ್ಲ” ಎಂದು ವ್ಯಾಪಾರಿ ಕೇಳಬಹುದು. ಅಂಗಡಿ ನಿಮ್ಮದು, ಲಾಭವೂ ನಿಮ್ಮದು. ಅವನ ಹದಿನಾಲ್ಕನೆಯ ಗಂಟೆಯ ಲಾಭ ಯಾರದು? ಇನ್ನೊಂದು ಮಾತು. ಸಂಜೆ ಇಲ್ಲದವನು ಸಂತೆಗೆ ಬರುವುದಿಲ್ಲ. ರಾತ್ರಿ ಹತ್ತಕ್ಕೆ ಮನೆ ಸೇರುವವನು ಅಕ್ಕಿ, ಸೋಪನ್ನು ಫೋನಿನಲ್ಲೇ ತರಿಸುತ್ತಾನೆ. ಬೀದಿಯ ಅಂಗಡಿ ನೊಣ ಹೊಡೆಯುತ್ತದೆ. ಅವನ ಸಂಜೆ ಕದ್ದವರು ನಿಮ್ಮ ಗಿರಾಕಿಯನ್ನೂ ಕದ್ದಿದ್ದಾರೆ.

ಈಗ ಕೃತಕ ಬುದ್ಧಿಮತ್ತೆಯ ಯಂತ್ರ ಬಂದಿದೆ. ದಿನದ ಬರಹವನ್ನು ಗಳಿಗೆಯಲ್ಲಿ ಬರೆದುಕೊಡುತ್ತದೆ. ಯಂತ್ರದ ಮೇಲೆ ನಮಗೆ ದ್ವೇಷವಿಲ್ಲ. 1955ರಲ್ಲಿ ಕಾನಪುರದ ಗಿರಣಿ ಕಾರ್ಮಿಕರು ಎಂಬತ್ತು ದಿನ ಮುಷ್ಕರ ಹೂಡಿದ್ದು ಮಗ್ಗವನ್ನು ಮುರಿಯಲಿಕ್ಕಲ್ಲ. ಒಬ್ಬನ ಮೇಲೆ ಹಲವರ ಕೆಲಸ ಹೇರಿ ಉಳಿದವರನ್ನು ಹೊರಗೆ ಹಾಕುವ ‘ವೈಜ್ಞಾನಿಕತೆ’ಯನ್ನು ತಡೆಯಲಿಕ್ಕೆ. ಇಂದಿನ ಪ್ರಶ್ನೆಯೂ ಅದೇ. ಯಂತ್ರ ಉಳಿಸಿದ ಗಂಟೆ ಯಾರಿಗೆ ಸೇರಬೇಕು? ಕೆಲಸ ಹಗುರಾದಾಗ ಗಂಟೆ ಇಳಿಯಬೇಕೇ ಹೊರತು ಏರುವುದೆಂದರೇನು?

ನಮ್ಮ ಬೇಡಿಕೆ ಸರಳ. ವಾರಕ್ಕೆ 48 ಗಂಟೆ ಎಂದು ಕಾಯಿದೆ ಹೇಳುತ್ತದೆ. ಅದು ಗಾಜಿನ ಮಹಲಿನೊಳಗೂ ನಡೆಯಲಿ. ರಾತ್ರಿಯ ಫೋನೂ ದುಡಿಮೆಯೆಂದು ಬರೆಯಲಿ, ಹೆಚ್ಚುವರಿ ಗಂಟೆಗೆ ಇಮ್ಮಡಿ ಕೂಲಿ ಬರಲಿ. ಹತ್ತು, ಹನ್ನೆರಡು ಗಂಟೆಯ ತಿದ್ದುಪಡಿ ಯಾವ ವೇಷದಲ್ಲಿ ಬಂದರೂ ಬಾಗಿಲಲ್ಲೇ ತಡೆಯೋಣ. ಸಾಫ್ಟ್‌ವೇರ್ ಹುಡುಗರಿಗೂ ಒಂದು ಮಾತು: ಸಾಹೇಬರೆಂಬ ಭ್ರಮೆ ಬಿಡಿ, ಸಂಘ ಸೇರಿ. ಅವರಲ್ಲಿ ನೂರಾರು ಮಂದಿ 2025ರ ಮಾರ್ಚ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಸೇರಿ ತಮ್ಮ ಸಂಜೆಯನ್ನು ಮರಳಿ ಕೇಳಿದರು. ಮುಂದಿನ ಸಲ ಅವರ ಪಕ್ಕದಲ್ಲಿ ಗಿರಣಿಯವರ ಬಾವುಟವೂ ಹಾರಬೇಕು, ಅಂಗಡಿ ಹುಡುಗರ ದನಿಯೂ ಏಳಬೇಕು. ಕಾಯಿದೆ ಮುರಿಯುವವರು ಒಂದಾಗಿರುವಾಗ ಅದನ್ನು ರಕ್ತ ಸುರಿಸಿ ಗಳಿಸಿದವರು ಬೇರೆ ಬೇರೆ ನಿಲ್ಲುವುದುಂಟೇ?