ಎರವಲು ಹಾಡು, ಸ್ವಂತ ಹಾಡು

ಹೊಸದಾಗಿ ಹಾಡತೊಡಗಿದವನನ್ನು ಲೋಕವು ಮೊದಲು ಕೇಳುವ ಪ್ರಶ್ನೆ ಒಂದೇ: ‘ಇದರಲ್ಲಿ ನಿನ್ನದೆಷ್ಟು?’ ಪ್ರಶ್ನೆಯೇನೋ ನ್ಯಾಯವಾದುದು. ಆದರೆ ಅದನ್ನು ಕೇಳಲು ನಾವು ಬಹಳ ಅವಸರಪಡುತ್ತೇವೆಂದು ತೋರುತ್ತದೆ. ಅಮೆರಿಕದ ಗಾಯಕ ಬಾಬ್ ಡಿಲನ್ನನ ಮೊದಲ ಗ್ರಾಮಫೋನು ತಟ್ಟೆಯ ವೃತ್ತಾಂತವು ಈ ಮಾತಿಗೆ ಒಳ್ಳೆಯ ನಿದರ್ಶನವಾದುದರಿಂದ ಅದನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಮಿನ್ನೆಸೋಟ ಸಂಸ್ಥಾನದ ಹಿಬ್ಬಿಂಗ್ ಎಂಬ ಗಣಿಯೂರಿನಲ್ಲಿ ಬೆಳೆದ ಈ ತರುಣನು 1961ರ ಜನವರಿಯಲ್ಲಿ, ತನ್ನ 19ನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿಗೆ ಬಂದನು. ಜನಪದ ಗೀತಗಳ ಹಿರಿಯ ಗಾಯಕ ವುಡಿ ಗತ್ರಿಯು ಆಗ ವಾಸಿಯಾಗದ ನರರೋಗದಿಂದ ಆಸ್ಪತ್ರೆಯಲ್ಲಿದ್ದನು. ಡಿಲನ್ನನು ಆತನನ್ನು ಹುಡುಕಿಕೊಂಡು ಹೋಗಿ ಆತನ ಹಾಡುಗಳನ್ನೇ ಆತನಿಗೆ ಹಾಡಿ ಕೇಳಿಸಿದನು. ಗ್ರೀನಿಚ್ ವಿಲೇಜ್ ಎಂಬ ಕೇರಿಯ ಕಾಫಿ ಅಂಗಡಿಗಳಲ್ಲಿ ತಾನೂ ಹಾಡುತ್ತ, ಇತರರು ಹಾಡಿದುದನ್ನು ಕಿವಿಗೊಟ್ಟು ಕಲಿತನು.

ಕೊಲಂಬಿಯಾ ಕಂಪೆನಿಯ ಜಾನ್ ಹ್ಯಾಮಂಡನು ಈತನಲ್ಲಿ ಏನೋ ಸತ್ತ್ವವನ್ನು ಕಂಡು, ಆ ವರ್ಷದ ನವೆಂಬರ್ 20 ಮತ್ತು 22ರಂದು ಹಾಡಿಸಿ ಮುದ್ರಿಸಿದನು. ಕಂಠದ ಜತೆಗೆ ಗಿಟಾರು, ಮೌತ್ ಆರ್ಗನ್, ಇಷ್ಟೇ. ಖರ್ಚು ಸುಮಾರು 400 ಡಾಲರು. 1962ರ ಮಾರ್ಚ್ 19ರಂದು ಹೊರಬಂದ ಆ ತಟ್ಟೆಯಲ್ಲಿ 13 ಹಾಡುಗಳಿದ್ದು, ಸ್ವಂತವಾಗಿ ಕಟ್ಟಿದವು ಎರಡು ಮಾತ್ರ. ಒಂದು, ಮಹಾನಗರಕ್ಕೆ ಹೊಸಬನಾಗಿ ಬಂದವನ ಪಾಡು. ಇನ್ನೊಂದು, ಗತ್ರಿಗೆ ಸಲ್ಲಿಸಿದ ಕಾಣಿಕೆ. ಈ ಎರಡನೆಯದರ ಧಾಟಿಯೂ ಗತ್ರಿಯದೇ! ಮೊದಲ ವರ್ಷದಲ್ಲಿ ಸುಮಾರು 5,000 ಪ್ರತಿಗಳಷ್ಟೇ ಖರ್ಚಾದುವು. ಕಂಪೆನಿಯವರು ಇದನ್ನು ‘ಹ್ಯಾಮಂಡನ ಹುಚ್ಚು’ ಎಂದು ಹಾಸ್ಯಮಾಡಿದರು.

ಇಲ್ಲಿ ಒಂದು ಕುಂದನ್ನು ಮರೆಮಾಚುವುದು ಸಲ್ಲದು. ‘ಹೌಸ್ ಆಫ್ ದ ರೈಸಿಂಗ್ ಸನ್’ ಎಂಬ ಹಳೆಯ ಜನಪದ ಗೀತಕ್ಕೆ ಸಹಗಾಯಕ ಡೇವ್ ವ್ಯಾನ್ ರಾಂಕನು ತನ್ನದೇ ಆದ ಸ್ವರಸಂಯೋಜನೆಯನ್ನು ಮಾಡಿಕೊಂಡಿದ್ದನು. ಡಿಲನ್ನನು ಅದನ್ನು ಮೊದಲೇ ಮುದ್ರಿಸಿ, ಆಮೇಲೆ ಅನುಮತಿ ಕೇಳಿದನು. ಅದನ್ನು ತಾನೇ ಮುದ್ರಿಸಬೇಕೆಂದಿದ್ದ ಸ್ನೇಹಿತನಿಗೆ ನೋವಾಯಿತು. ಮುಂದೆ ಕೇಳುವವರು ‘ಇದು ಡಿಲನ್ನನಿಂದ ತೆಗೆದುಕೊಂಡದ್ದಲ್ಲವೇ?’ ಎನ್ನತೊಡಗಲು, ವ್ಯಾನ್ ರಾಂಕನು ಆ ಹಾಡನ್ನೇ ಬಿಟ್ಟುಬಿಡಬೇಕಾಯಿತು. ತನ್ನ ಕೈಯ ಕೆಲಸಕ್ಕೆ ತಾನೇ ಪರಕೀಯನಾಗುವುದಕ್ಕಿಂತ ಕಲಾವಿದನಿಗೆ ಹೆಚ್ಚಿನ ದುಃಖವುಂಟೆ? 1964ರಲ್ಲಿ ಆ್ಯನಿಮಲ್ಸ್ ಎಂಬ ಇಂಗ್ಲಿಷ್ ಮೇಳದವರು ಅದೇ ಗೀತವನ್ನು ಲೋಕಪ್ರಸಿದ್ಧ ಮಾಡಲಾಗಿ, ಅದೇ ಅಪವಾದವು ಡಿಲನ್ನನಿಗೂ ತಟ್ಟಿತು.

ಆದರೂ ಆ ಎರವಲು ವ್ಯರ್ಥವಾಗಲಿಲ್ಲ. 1963ರ ಮೇ ತಿಂಗಳಲ್ಲಿ ಬಂದ ಎರಡನೆಯ ತಟ್ಟೆಯಲ್ಲಿಯೂ 13 ಹಾಡುಗಳು. ಈ ಸಲ ಎರಡರ ಹೊರತು ಉಳಿದುವೆಲ್ಲ ಸ್ವಂತದವು. 1965ರಲ್ಲಿ ಆತನು ವಿದ್ಯುತ್ ಗಿಟಾರನ್ನು ಹಿಡಿದು, ‘ಫೋಕ್ ರಾಕ್’ ಎಂಬ ಹೊಸ ಮಾರ್ಗದ ಮುಂದಾಳುಗಳಲ್ಲಿ ಒಬ್ಬನಾದನು. 2016ರಲ್ಲಿ ಸಾಹಿತ್ಯದ ನೊಬೆಲ್ ಪಾರಿತೋಷಕವು ಬಂದಾಗಲೂ, ಅಮೆರಿಕದ ಗೀತಪರಂಪರೆಯೊಳಗೇ ಹೊಸತನವನ್ನು ತಂದವನೆಂದು ಅವನನ್ನು ಗೌರವಿಸಿದರು.

ಮನೆಯಲ್ಲಿ ಹಾಡು ಕಲಿಯುವ ಮಕ್ಕಳಿದ್ದರೆ, ‘ಇದು ನಿನ್ನದಲ್ಲ’ ಎಂದು ಹಂಗಿಸದಿರೋಣ. ಎರವಲು ತರುವುದು ಅಪರಾಧವಲ್ಲ. ಆದರೆ ಕೊಟ್ಟವರ ಹೆಸರನ್ನು ಹೇಳುವುದನ್ನೂ, ತರುವ ಮುನ್ನ ಕೇಳುವುದನ್ನೂ ಹಾಡಿನೊಡನೆಯೇ ಕಲಿಸೋಣ. ಇವೆರಡರಲ್ಲಿ ಡಿಲನ್ನನು ಗತ್ರಿಯ ವಿಷಯದಲ್ಲಿ ಮೊದಲನೆಯದನ್ನು ನಡೆಸಿದನು. ಸ್ನೇಹಿತನ ವಿಷಯದಲ್ಲಿ ಎರಡನೆಯದನ್ನು ಮರೆತನು.