ಭಾಗ 4: 'ಮೈಐಸ್ಯಾಮ್ ಫಾಸ್ಟ್ ಗುರು' ಅನ್ನೋರಿಗೆ

ವರ್ಡ್‌ಪ್ರೆಸ್‌ನಲ್ಲಿ ಫೆಸ್ಟ್ ಸೈಟ್ ಮಾಡ್ತಿರೋರೇ, ಕೇಳಿ. ಮೈಎಸ್‌ಕ್ಯೂಎಲ್‌ನ ಹಳೇ ಎಂಜಿನ್ ಮೈಐಸ್ಯಾಮ್‌ನ ಇನ್ನೂ ಯಾಕೆ ತಬ್ಬಿಕೊಂಡಿದ್ದೀರಿ? ಒಬ್ಬ ಒಂದು ಪೋಸ್ಟ್ ತಿದ್ದಿದ್ರೆ ಇಡೀ ಟೇಬಲ್‌ಗೇ ಬೀಗ! ಇನ್ನೊಡಿಬಿ ಆ ಒಂದು ಸಾಲಿಗಷ್ಟೇ ಬೀಗ ಹಾಕುತ್ತೆ.

ನಾವು ಬಿಕಾಂನೋರು ಕಣ್ರೋ. ಡೆಬಿಟ್ ಬರೆದು, ಕ್ರೆಡಿಟ್ ಬರೆಯೋ ಮೊದಲೇ ಕರೆಂಟ್ ಹೋದ್ರೆ? ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಇಟ್ಟಿದ್ರೆ ಇನ್ನೊಡಿಬಿ ಎರಡನ್ನೂ ರದ್ದು ಮಾಡುತ್ತೆ. ಮೈಐಸ್ಯಾಮ್‌ಗೆ ಟ್ರಾನ್ಸಾಕ್ಷನ್ ಅಂದ್ರೇನು ಅಂತಾನೇ ಗೊತ್ತಿಲ್ಲ, ಅರ್ಧ ಎಂಟ್ರಿ ಹಾಗೇ ಉಳಿಯುತ್ತೆ. ಹೋದ ವರ್ಷ ನಮ್ಮ ರಿಜಿಸ್ಟ್ರೇಷನ್ ಹಾಗೇ ಕೆಟ್ಟಿದ್ದು: ದುಡ್ಡು ಬಂದಿದೆ, ಹೆಸರೇ ಇಲ್ಲ. ರಾತ್ರಿಯೆಲ್ಲಾ ಯುಪಿಐ ಸ್ಕ್ರೀನ್‌ಶಾಟ್ ಹುಡುಕಿದ್ದು ನಾನು. (ಬೈಸಿಕೊಂಡಿದ್ದೂ ನಾನೇ.)

'ಫುಲ್‌ಟೆಕ್ಸ್ಟ್ ಸರ್ಚ್‌ಗೆ ಬೇಕು' ಅನ್ನೋ ನೆಪವೂ ಬೇಡ, 5.6ರಿಂದ ಇನ್ನೊಡಿಬಿಯಲ್ಲೂ ಇದೆ. 2010ರ 5.5ರಿಂದ ಡಿಫಾಲ್ಟ್ ಅದೇ. ಸೀನಿಯರ್ಸ್ ಕೊಟ್ಟ ಹಳೇ ಡೇಟಾಬೇಸ್ ಇದ್ರೆ ಇವತ್ತೇ ಬ್ಯಾಕಪ್ ತಗೊಂಡು ಎಂಜಿನ್ ಬದಲಾಯಿಸಿ.